ಆಸ್ಪತ್ರೆಯ ಒಳರೋಗಿಗಳಲ್ಲಿ ರಕ್ತದ ಗ್ಲೂಕೋಸ್ ಮಾಪನ

ಆಸ್ಪತ್ರೆಗೆ ದಾಖಲಾದ ಮಧುಮೇಹಿಗಳಿಗೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆಗಳನ್ನು ಕೊಟ್ಟ ಬಳಿಕ, ಅವರ ರಕ್ತದಲ್ಲಿನ ಗ್ಲೂಕೋಸ್ ಪ್ರಮಾಣವನ್ನು ನಿಗದಿತ ಹೊತ್ತುಗಳಲ್ಲಿ ಅಳೆದು ದಾಖಲಿಸುವುದು ಚಿಕಿತ್ಸೆಯ ಒಂದು ಮುಖ್ಯ ಅಂಗವಾಗಿದೆ. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಗ್ಲುಕೋಮೀಟರಿನಲ್ಲಿ ಮಾಡುವ ಈ ಪರೀಕ್ಷೆಯನ್ನು ಕರ್ನಾಟಕದ ಅನೇಕ ಆಸ್ಪತ್ರೆಗಳ ವಾರ್ಡುಗಳಲ್ಲಿ ಜಿ.ಆರ್.ಬಿ.ಎಸ್. ಎಂದು ಕರೆಯುತ್ತಾರೆ. ಔಷಧಿಯು ಸಾಕಷ್ಟು ಕೆಲಸ ಮಾಡಿದೆಯೇ ಎಂಬುದನ್ನು ಮಾತ್ರವಲ್ಲ, ಅಗತ್ಯಕ್ಕಿಂತ ಹೆಚ್ಚು ಕೆಲಸ ಮಾಡಿದೆಯೇ ಎಂಬುದನ್ನೂ ತಿಳಿಯುವುದು ಇದರ ಉದ್ದೇಶ. ಇವೆರಡರಲ್ಲಿ ಎರಡನೆಯದೇ ಹೆಚ್ಚು ತುರ್ತಿನದು. ಸಕ್ಕರೆ ತೀರ ಇಳಿದರೆ ರೋಗಿಯು ಸ್ವಲ್ಪ ಹೊತ್ತಿನಲ್ಲೇ ಪ್ರಜ್ಞೆ ತಪ್ಪಬಹುದು.

ಹಿನ್ನೆಲೆ

ಔಷಧಿ ಕೊಟ್ಟು ರಕ್ತವನ್ನು ಪರೀಕ್ಷಿಸುವ ಕ್ರಮ ಇನ್ಸುಲಿನ್ ಚಿಕಿತ್ಸೆಯಷ್ಟೇ ಹಳೆಯದು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲ ಚುಚ್ಚುಮದ್ದು ಕೊಟ್ಟಾಗ ಅವನ ರಕ್ತದ ಸಕ್ಕರೆ ಅಲ್ಪ ಪ್ರಮಾಣದಲ್ಲಷ್ಟೇ ಇಳಿಯಿತು. ಜೇಮ್ಸ್ ಕಾಲಿಪ್ ಶುದ್ಧೀಕರಿಸಿದ ಸಾರವನ್ನು ಜನವರಿ 23ರಂದು ಕೊಟ್ಟಾಗ ಅದು ಒಂದು ದಿನದೊಳಗೆ 520ರಿಂದ 120 ಮಿ.ಗ್ರಾಂ.ಗೆ ಇಳಿಯಿತು. ಔಷಧಿ ಫಲಕಾರಿ ಎಂಬುದನ್ನು ತೋರಿಸಿಕೊಟ್ಟದ್ದು ಈ ಅಳತೆಯೇ. ಆ ಬಳಿಕವೂ ದಶಕಗಳ ಕಾಲ ವಾರ್ಡುಗಳಲ್ಲಿ ಬೆನೆಡಿಕ್ಟ್ ದ್ರಾವಣದೊಡನೆ ಮೂತ್ರವನ್ನು ಕಾಯಿಸಿ ಬಣ್ಣ ನೋಡುವ ಪದ್ಧತಿಯೇ ಬಳಕೆಯಲ್ಲಿತ್ತು. ಮೂತ್ರದಲ್ಲಿ ಸಕ್ಕರೆ ಕಾಣಿಸುವುದು ರಕ್ತದಲ್ಲಿ ಅದು ಸುಮಾರು 180 ದಾಟಿದ ಮೇಲೆ. ಆದುದರಿಂದ ಸಕ್ಕರೆ ಅಪಾಯಕರವಾಗಿ ಇಳಿದುದನ್ನು ಆ ಪರೀಕ್ಷೆ ಹೇಳುತ್ತಲೇ ಇರಲಿಲ್ಲ. 1965ರಲ್ಲಿ ಡೆಕ್ಸ್‌ಟ್ರೋಸ್ಟಿಕ್ಸ್ ಎಂಬ ರಕ್ತಪರೀಕ್ಷಾ ಪಟ್ಟಿಯೂ 1970ರ ಹೊತ್ತಿಗೆ ಅದನ್ನು ಓದುವ ಯಂತ್ರವೂ ಬಂದ ಮೇಲೆ ಹಾಸಿಗೆಯ ಬಳಿಯಲ್ಲೇ ಅಳೆಯುವುದು ಸಾಧ್ಯವಾಯಿತು.

ಅಳೆಯುವ ಹೊತ್ತು

ಬಾಯಿಂದ ಆಹಾರ ಸೇವಿಸುವ ರೋಗಿಗೆ ಸಾಮಾನ್ಯವಾಗಿ ಮೂರು ಊಟಗಳ ಮೊದಲು ಮತ್ತು ಮಲಗುವ ಮುನ್ನ, ಉಪವಾಸವಿರುವವರಿಗೆ 4ರಿಂದ 6 ಗಂಟೆಗೊಮ್ಮೆ, ರಕ್ತನಾಳದ ಮೂಲಕ ಇನ್ಸುಲಿನ್ ಹರಿಯುತ್ತಿರುವವರಿಗೆ ಅರ್ಧ ಗಂಟೆಯಿಂದ 2 ಗಂಟೆಗೊಮ್ಮೆ ಪರೀಕ್ಷೆ ನಡೆಯುತ್ತದೆ. ಆದರೆ ಬಂದ ಅಂಕಿಯನ್ನು ಅರ್ಥೈಸಲು ಕೊಟ್ಟ ಔಷಧಿಯ ಸ್ವಭಾವ ತಿಳಿದಿರಬೇಕು. ಲಿಸ್‌ಪ್ರೊ, ಆಸ್ಪಾರ್ಟ್‌ನಂಥ ಶೀಘ್ರ ಇನ್ಸುಲಿನ್‌ಗಳು ಸುಮಾರು 15 ನಿಮಿಷಗಳಲ್ಲಿ ಕೆಲಸ ಆರಂಭಿಸಿ 1ರಿಂದ 2 ಗಂಟೆಯ ವೇಳೆಗೆ ಪರಾಕಾಷ್ಠೆಗೆ ಬರುತ್ತವೆ. ರೆಗ್ಯುಲರ್ ಇನ್ಸುಲಿನ್ ಅರ್ಧ ಗಂಟೆಗೆ ಆರಂಭವಾಗಿ 2ರಿಂದ 4 ಗಂಟೆಗಳಲ್ಲಿ ಪರಾಕಾಷ್ಠೆ ಮುಟ್ಟುತ್ತದೆ. ಗ್ಲಾರ್ಜಿನ್ ಹೆಚ್ಚುಕಡಿಮೆ ಇಡೀ ದಿನ ಒಂದೇ ಹದದಲ್ಲಿರುತ್ತದೆ. ಬೆಳಗ್ಗೆ 8ಕ್ಕೆ ರೆಗ್ಯುಲರ್ ಇನ್ಸುಲಿನ್ ಕೊಟ್ಟು 9ಕ್ಕೆ ಅಳೆದು, ಇನ್ನೂ ಇಳಿದಿಲ್ಲವೆಂದು ಮತ್ತೊಂದು ಚುಚ್ಚುಮದ್ದು ಕೊಟ್ಟರೆ, ಎರಡರ ಪರಿಣಾಮವೂ ಒಟ್ಟಾಗಿ ಮಧ್ಯಾಹ್ನದೊಳಗೆ ಸಕ್ಕರೆ ಕುಸಿಯಬಹುದು.

ಊಟದ ಹೊತ್ತೂ ಅಷ್ಟೇ ಮುಖ್ಯ. ಮನೆಯಿಂದ ಬುತ್ತಿ ಬರುವ ನಮ್ಮ ಆಸ್ಪತ್ರೆಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು: ಚುಚ್ಚುಮದ್ದು ವೇಳೆಗೆ ಸರಿಯಾಗಿ ಆಗಿ, ಬುತ್ತಿ ತಡವಾದರೆ ಅಥವಾ ರೋಗಿಗೆ ವಾಂತಿಯಾದರೆ ಅಪಾಯವಿದೆ. ಜೊತೆಗಿರುವವರು ಈ ಸಂಗತಿಯನ್ನು ದಾದಿಯರಿಗೆ ತಿಳಿಸದಿದ್ದರೆ ದಾಖಲೆಯ ಹಾಳೆಯಿಂದ ಅದು ಗೊತ್ತಾಗುವುದಿಲ್ಲ. ಇನ್ನು ಬೆಳಗ್ಗೆ ಪ್ರೆಡ್ನಿಸೊಲೋನ್‌ನಂಥ ಸ್ಟೆರಾಯ್ಡ್ ಪಡೆಯುವವರಲ್ಲಿ ಬರಿ ಹೊಟ್ಟೆಯ ಅಳತೆ ಸರಿಯಾಗಿದ್ದು, ಮಧ್ಯಾಹ್ನ ಮತ್ತು ಸಂಜೆ ಸಕ್ಕರೆ ಏರುವುದುಂಟು.

ಗುರಿ

ಬಹುಪಾಲು ಒಳರೋಗಿಗಳಿಗೆ ಪ್ರತಿ ಡೆಸಿಲೀಟರಿಗೆ 140ರಿಂದ 180 ಮಿ.ಗ್ರಾಂ. ಗುರಿಯನ್ನು ಶಿಫಾರಸು ಮಾಡಲಾಗಿದೆ. 2001ರಲ್ಲಿ ಬೆಲ್ಜಿಯಂನ ಲುವೆನ್‌ನಲ್ಲಿ ನಡೆದ ಅಧ್ಯಯನವು ಶಸ್ತ್ರಚಿಕಿತ್ಸೆಯ ತೀವ್ರ ನಿಗಾ ಘಟಕದಲ್ಲಿ ಸಕ್ಕರೆಯನ್ನು 80ರಿಂದ 110ರೊಳಗೆ ಇರಿಸಿದರೆ ಸಾವುಗಳು ಕಡಿಮೆಯಾಗುತ್ತವೆಂದು ಕಂಡಿತ್ತು. ಆದರೆ 2009ರಲ್ಲಿ ಪ್ರಕಟವಾದ, ಆರು ಸಾವಿರಕ್ಕೂ ಹೆಚ್ಚು ರೋಗಿಗಳ ನೈಸ್-ಶುಗರ್ ಅಧ್ಯಯನದಲ್ಲಿ ಬಿಗಿ ನಿಯಂತ್ರಣದ ಗುಂಪಿನಲ್ಲೇ ಸಾವು ಹೆಚ್ಚಾಗಿತ್ತು: 27.5%, ಇನ್ನೊಂದು ಗುಂಪಿನಲ್ಲಿ 24.9%. ಸಕ್ಕರೆಯ ತೀವ್ರ ಕುಸಿತವಂತೂ 6.8% ಮತ್ತು 0.5% ಆಗಿತ್ತು. ಆದುದರಿಂದ ಆಸ್ಪತ್ರೆಯಲ್ಲಿ 160 ಎಂದು ಬಂದ ಅಂಕಿಗೆ ಮನೆಯವರು ಗಾಬರಿಪಡಬೇಕಾದ ಕಾರಣವಿಲ್ಲ.

ಸಕ್ಕರೆಯ ಕುಸಿತ

70ಕ್ಕಿಂತ ಕಡಿಮೆಯಾದರೆ ಹೈಪೊಗ್ಲೈಸೀಮಿಯಾ. 54ಕ್ಕಿಂತ ಕಡಿಮೆಯಾದರೆ ಗಂಭೀರ. ಬೆವರು, ನಡುಕ, ಎದೆ ಹೊಡೆದುಕೊಳ್ಳುವುದು, ಹಸಿವು, ಮಂಕು ಇದರ ಲಕ್ಷಣಗಳು. ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರಲ್ಲಿ ನಡುಕ ಮತ್ತು ಎದೆಬಡಿತ ಕಾಣದೆ ಬೆವರೊಂದೇ ಕಾಣಿಸಬಹುದು. ವೃದ್ಧರ ಮಂಕನ್ನು ವಯಸ್ಸಿನ ಮೇಲೆ ಹೊರಿಸದೆ ಮೊದಲು ಬೆರಳು ಚುಚ್ಚಿ ನೋಡುವುದು ಉಚಿತ. ಎಚ್ಚರವಿದ್ದು ನುಂಗಬಲ್ಲವರಿಗೆ 15 ಗ್ರಾಂ ಗ್ಲೂಕೋಸ್ ಕೊಟ್ಟು 15 ನಿಮಿಷಗಳ ಬಳಿಕ ಮತ್ತೆ ಅಳೆಯುತ್ತಾರೆ. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಅವರಿಗೆ ರಕ್ತನಾಳದ ಮೂಲಕ ಡೆಕ್ಸ್‌ಟ್ರೋಸ್ ಅಥವಾ ಗ್ಲುಕಗಾನ್ ಚುಚ್ಚುಮದ್ದು ಕೊಡುತ್ತಾರೆ. ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಯಿಂದ ಕುಸಿತ ಉಂಟಾಗಿದ್ದರೆ, ವಿಶೇಷವಾಗಿ ಮೂತ್ರಪಿಂಡ ದುರ್ಬಲವಾಗಿದ್ದಲ್ಲಿ, ಒಮ್ಮೆ ಸರಿಹೋದ ಸಕ್ಕರೆ ಮತ್ತೆ ಇಳಿಯಬಹುದು. ಅಂಥವರನ್ನು ಒಂದು ದಿನವಾದರೂ ಗಮನಿಸಬೇಕಾಗುತ್ತದೆ.

ಅಳತೆಯ ದೋಷಗಳು

ಹಣ್ಣು ಸುಲಿದ ಕೈಯನ್ನು ತೊಳೆಯದೆ ಪರೀಕ್ಷಿಸಿದರೆ ಅಂಕಿ ಹೆಚ್ಚು ಬರುತ್ತದೆ. ರಕ್ತಹೀನತೆಯಿದ್ದರೂ ಅನೇಕ ಮೀಟರುಗಳು ಹೆಚ್ಚು ತೋರಿಸುತ್ತವೆ. ರಕ್ತದೊತ್ತಡ ಕುಸಿದು ಕೈಕಾಲು ತಣ್ಣಗಾದವರಲ್ಲಿ ಬೆರಳಿನ ರಕ್ತ ನಂಬಲರ್ಹವಲ್ಲವಾದ್ದರಿಂದ ಪ್ರಯೋಗಾಲಯದ ಪರೀಕ್ಷೆ ಬೇಕು. ಗ್ಲೂಕೋಸ್ ಡ್ರಿಪ್ ಹಾಕಿರುವ ಕೈಯಿಂದ ಪರೀಕ್ಷೆಗೆ ರಕ್ತ ತೆಗೆಯಬಾರದು.

ಅನಿರೀಕ್ಷಿತವಾದ ಅಂಕಿ ಬಂದಾಗ ಸಿರಿಂಜನ್ನೂ ಪರಿಶೀಲಿಸಬೇಕು. ಭಾರತದಲ್ಲಿ ಮಿ.ಲೀ.ಗೆ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಸಾಂದ್ರತೆಯ ಇನ್ಸುಲಿನ್‌ಗಳು ಬಳಕೆಯಲ್ಲಿವೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಬಣ್ಣದ್ದು. 100 ಯೂನಿಟ್ಟಿನ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ರೋಗಿಗೆ ಎರಡೂವರೆ ಪಟ್ಟು ಔಷಧಿ ಹೋಗುತ್ತದೆ. ತಿರುಗುಮುರುಗಾದರೆ ಅರ್ಧಕ್ಕಿಂತಲೂ ಕಡಿಮೆ.

ಚರ್ಮದಡಿ ಅಳವಡಿಸುವ ಸೆನ್ಸರುಗಳು ಈಚೆಗೆ ಆಸ್ಪತ್ರೆಗಳಿಗೂ ಬರುತ್ತಿವೆ. ಅವು ಅಳೆಯುವುದು ಜೀವಕೋಶಗಳ ನಡುವಣ ದ್ರವದ ಗ್ಲೂಕೋಸನ್ನು. ರಕ್ತದಲ್ಲಿನ ಬದಲಾವಣೆ ಅಲ್ಲಿ ಕಾಣಲು ಕೆಲವು ನಿಮಿಷ ಬೇಕಾಗುವುದರಿಂದ, ಸಕ್ಕರೆ ವೇಗವಾಗಿ ಇಳಿಯುತ್ತಿರುವಾಗ ಬೆರಳಿನ ರಕ್ತದಿಂದಲೇ ಖಚಿತಪಡಿಸಿಕೊಳ್ಳುತ್ತಾರೆ.