ಹಳೆಯ ಗೇಮಿಂಗ್ ಲ್ಯಾಪ್‌ಟಾಪ್‌ಗೆ ವೇಗದ ಕಡಿವಾಣ

ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಕೆಲಸ ಹುಡುಕಿ ಹೈದರಾಬಾದಿಗೆ ಹೋಗುವ ಹುಡುಗರಿಗೆ ಮಾದಾಪುರ ಪರಿಚಿತ ಹೆಸರು. 1998ರಲ್ಲಿ ಸೈಬರ್ ಟವರ್ಸ್ ಎಂಬ ಐಟಿ ಕಟ್ಟಡ ಎದ್ದು ನಿಂತದ್ದು ಅಲ್ಲೇ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಆ ಊರಿನ ಪಿಜಿ ಕೋಣೆಯಲ್ಲಿ, ಏಳೆಂಟು ವರ್ಷ ದುಡಿದ ಗೇಮಿಂಗ್ ಲ್ಯಾಪ್‌ಟಾಪ್ ಆಟದ ನಡುವೆ ತಡವರಿಸುವುದು ಸಹಜ. ಹೊಸದಕ್ಕೆ ಸಾಲ ಮಾಡುವ ಮೊದಲು ಪ್ರೊಸೆಸರಿನ ವೇಗವನ್ನು ಕೊಂಚ ಇಳಿಸಿ ನೋಡಬೇಕು.

ತಡವರಿಕೆ ಯಾಕೆ?

2017ರಲ್ಲಿ ಬಂದ ಇಂಟೆಲ್ ಕೋರ್ ಐ7-7700ಎಚ್‌ಕ್ಯೂ ಚಿಪ್ಪನ್ನೇ ನೋಡಿ. ಅದರ ಮೂಲ ವೇಗ 2.8 ಗಿಗಾಹರ್ಟ್ಸ್. ಟರ್ಬೊ ಬೂಸ್ಟ್‌ನಲ್ಲಿ 3.8ರವರೆಗೆ ಏರುತ್ತದೆ. ಬಿಸಿ 100 ಡಿಗ್ರಿ ಸಮೀಪಿಸಿದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ತಣ್ಣಗಾದೊಡನೆ ಮತ್ತೆ ಏರುತ್ತದೆ. ಈ ಏರಿಳಿತವೇ ಪರದೆಯ ಮೇಲೆ ಜರ್ಕ್ ಆಗಿ ಕಾಣುವುದು. ಕೋಣೆಯ ಗಾಳಿ 25ರಿಂದ 38 ಡಿಗ್ರಿಗೆ ಏರಿದರೆ, ಅದೇ ಕೆಲಸಕ್ಕೆ ಚಿಪ್ಪಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಏಸಿ ಇಲ್ಲದ ಕೋಣೆಯಲ್ಲಿ ಯಂತ್ರ ಸೋಲುವುದು ಇಲ್ಲೇ.

ಸ್ವಲ್ಪ ಇಳಿಸಿದರೆ ಬಹಳ ಲಾಭ

ಚಿಪ್ಪು ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿದೆ, ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿದೆ. ವೇಗ ಇಳಿದರೆ ಕಡಿಮೆ ವೋಲ್ಟೇಜೂ ಸಾಕಾಗುತ್ತದೆ. ವೇಗ ಶೇ. 20, ವೋಲ್ಟೇಜ್ ಶೇ. 10 ತಗ್ಗಿದರೆ ಆ ವಿದ್ಯುತ್ತು ಸುಮಾರು ಶೇ. 35 ಇಳಿಯುತ್ತದೆ. ಆಟದಲ್ಲಿ ಹೆಚ್ಚಿನ ಭಾರ ಹೊರುವುದು ಸಾಮಾನ್ಯವಾಗಿ ಗ್ರಾಫಿಕ್ಸ್ ಚಿಪ್ಪು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎರಡಕ್ಕೂ ಬಿಸಿ ಸಾಗಿಸುವ ತಾಮ್ರದ ಕೊಳವೆ ಒಂದೇ. ಪ್ರೊಸೆಸರ್ ತಣ್ಣಗಿದ್ದರೆ ಗ್ರಾಫಿಕ್ಸಿಗೂ ಉಸಿರಾಡಲು ಜಾಗ ಸಿಗುತ್ತದೆ. ಇಡೀ ಉಪಾಯದ ಜೀವಾಳ ಇದೇ ಎಂಬುದು ನನ್ನ ಎಣಿಕೆ.

ಮಾಡುವುದು ಹೇಗೆ?

ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಎಂಬುದನ್ನು 100ರಿಂದ 99ಕ್ಕೆ ಇಳಿಸಿ. ಇಂಥ ಹಳೆಯ ಇಂಟೆಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಟರ್ಬೊ ನಿಲ್ಲಲು ಇಷ್ಟೇ ಸಾಕು. ಟರ್ಬೊ ಪೂರ್ತಿ ಬಿಡಲು ಮನಸ್ಸಿಲ್ಲದವರು ಥ್ರಾಟಲ್‌ಸ್ಟಾಪ್ ತಂತ್ರಾಂಶದಲ್ಲಿ 3.2 ಅಥವಾ 3.4ರಂಥ ನಡುವಿನ ಮಿತಿ ಇಡಬಹುದು. ಬದಲಾವಣೆಯ ಮುನ್ನ ಮತ್ತು ನಂತರ ಅದೇ ಆಟವನ್ನು ಅರ್ಧ ಗಂಟೆ ಆಡಿ, ಬಿಸಿಯನ್ನೂ ಫ್ರೇಮ್ ಲೆಕ್ಕವನ್ನೂ ಬರೆದುಕೊಳ್ಳಿ.

ವೇಗ ಹಾಗೇ ಇಟ್ಟು ವೋಲ್ಟೇಜ್ ಮಾತ್ರ ತಗ್ಗಿಸುವ ದಾರಿಯೂ ಇತ್ತು. 2019ರ ಡಿಸೆಂಬರಿನಲ್ಲಿ 'ಪ್ಲಂಡರ್‌ವೋಲ್ಟ್' ಎಂಬ ಭದ್ರತಾ ದೋಷ ಬಹಿರಂಗವಾದ ಮೇಲೆ ಹಲವು ಯಂತ್ರಗಳ ಬಯಾಸ್‌ನಲ್ಲಿ, ಅಂದರೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶದಲ್ಲಿ, ಅದಕ್ಕೆ ಬೀಗ ಬಿತ್ತು. ಬೀಗ ಒಡೆಯಲು ಹಳೆಯ ಬಯಾಸ್ ಹಾಕುವುದು ಬೇಡ.

ಮೊದಲು ಧೂಳು

ಫ್ಯಾನಿನ ಜಾಲರಿಯಲ್ಲಿ ಧೂಳು ಕಟ್ಟಿದ್ದರೆ, ಥರ್ಮಲ್ ಪೇಸ್ಟ್ ಒಣಗಿದ್ದರೆ, ಯಾವ ಸೆಟ್ಟಿಂಗೂ ಪೂರ್ತಿ ಫಲ ಕೊಡದು. ಬಿಚ್ಚಲು ಅಭ್ಯಾಸವಿಲ್ಲದವರು ಸಿಕಂದರಾಬಾದಿನ ಸಿಟಿಸಿ ಮಾರುಕಟ್ಟೆಯಂಥ ಕಡೆ ರಿಪೇರಿಯವರಿಗೆ ಕೊಡಲಿ. ಹಾಸಿಗೆಯ ಮೇಲಿಟ್ಟು ಆಡಬೇಡಿ, ಗಾಳಿಯ ಕಿಂಡಿ ಮುಚ್ಚುತ್ತದೆ. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಆಗ ಯಂತ್ರವನ್ನು ಆಫ್ ಮಾಡಿ, ಚಾರ್ಜಿಗೆ ಹಾಕದೆ, ಅಂದೇ ರಿಪೇರಿಯವರಿಗೆ ತೋರಿಸಿ.