ಕೆತ್ತದೆ ಬೆಳೆಸಿದ ಶಿಲ್ಪ

ಕೊಂಬಿನಂತೆ ಸುರುಳಿ ಸುತ್ತಿ, ಮೈತುಂಬ ಏಣುಗಳೆದ್ದ ಈ ಆಕೃತಿಗೆ ಉಳಿಯ ಏಟು ಬಿದ್ದಿಲ್ಲ. ಕಲ್ಲಿಲ್ಲ, ಲೋಹವಿಲ್ಲ, ಇದು ಕಂಪ್ಯೂಟರಿನ ಲೆಕ್ಕದಲ್ಲಿ ಹುಟ್ಟಿದ್ದು.

ಇದನ್ನು ಬೆಳೆಸಿದ ಬ್ರಿಟನ್ನಿನ ಕಲಾವಿದ ವಿಲಿಯಂ ಲೇಥಮ್ 1980ರ ದಶಕದಲ್ಲಿ ದೊಡ್ಡ ಹಾಳೆಗಳ ಮೇಲೆ ಆಕೃತಿಗಳ ವಂಶವೃಕ್ಷ ಬರೆಯುತ್ತಿದ್ದರು. ಶಂಕು, ಗೋಳ, ಘನದಂಥ ಸರಳ ರೂಪಗಳಿಂದ ಶುರು. ಅವನ್ನೇ ಉಬ್ಬಿಸಿ, ತೋಡಿ, ಕತ್ತರಿಸಿದರೆ ಸಂತತಿ. ಕೈಯಲ್ಲಿ ಬಿಡಿಸಿ ಮುಗಿಯುವ ಕೆಲಸವಲ್ಲ. ಮುಂದೆ ವಿಂಚೆಸ್ಟರ್‌ನ ಐಬಿಎಂ ವಿಜ್ಞಾನ ಕೇಂದ್ರದಲ್ಲಿ ಗಣಿತಜ್ಞ ಸ್ಟೀಫನ್ ಟಾಡ್ ಜೊತೆಗೂಡಿ ‘ಮ್ಯುಟೇಟರ್’ ಎಂಬ ತಂತ್ರಾಂಶ ರೂಪಿಸಿದರು. ಇಬ್ಬರೂ ಸೇರಿ ಬರೆದ ‘ಎವಲ್ಯೂಷನರಿ ಆರ್ಟ್ ಆ್ಯಂಡ್ ಕಂಪ್ಯೂಟರ್ಸ್’ 1992ರಲ್ಲಿ ಪ್ರಕಟವಾಯಿತು.

ಎಷ್ಟು ತಿರುಚಬೇಕು, ಎಷ್ಟು ಬಾಗಿಸಬೇಕು, ಏಣುಗಳೆಷ್ಟು ಎಂಬ ಅಂಕಿಗಳೇ ಈ ತಂತ್ರಾಂಶದಲ್ಲಿ ಜೀನ್‌ಗಳು. ಅವನ್ನು ಅಡ್ಡಾದಿಡ್ಡಿ ಅಷ್ಟಿಷ್ಟು ಬದಲಿಸಿ ಕಂಪ್ಯೂಟರ್ ಹಲವು ಮರಿಗಳನ್ನು ತೆರೆಯ ಮೇಲಿಡುತ್ತದೆ. ಕಲಾವಿದ ಮೆಚ್ಚಿದ್ದು ಮುಂದಿನ ಪೀಳಿಗೆಗೆ ತಾಯಿಯಾಗುತ್ತದೆ. ಮಿಕ್ಕವು ಅಲ್ಲಿಗೇ ನಿಲ್ಲುತ್ತವೆ. ಇಷ್ಟವಾದ ಎರಡನ್ನು ಬೆರೆಸಿ ಮಿಶ್ರತಳಿ ತೆಗೆಯಲೂಬಹುದು. ಹೊಲದಲ್ಲಿ ಬಿತ್ತನೆಗೆಂದು ಒಳ್ಳೆಯ ತೆನೆ ಆರಿಸಿಡುವ ರೈತ ಮಾಡುವುದೂ ಇದನ್ನೇ. ಹಾಗಾಗಿ ಇದನ್ನು ‘ಯಂತ್ರದ ಕಲೆ’ ಎನ್ನುವುದು ಅರ್ಧಸತ್ಯ. ಪ್ರಕೃತಿಯಲ್ಲಿ ಬದುಕುಳಿಯುವುದೇ ಪರೀಕ್ಷೆ, ಇಲ್ಲಿ ಒಬ್ಬ ಮನುಷ್ಯನ ಅಭಿರುಚಿ. ಅದೇ ಮೂಲರೂಪವನ್ನು ಬೇರೊಬ್ಬರ ಕೈಗೆ ಕೊಟ್ಟಿದ್ದರೆ ಈ ಕೊಂಬು ಹುಟ್ಟುತ್ತಲೇ ಇರಲಿಲ್ಲವೇನೋ.