ಮಿರಜ್‌ನಲ್ಲಿ ಏಳು ತಾಸು

ಡೊಂಬಿವಲಿಯಿಂದ ಫೋನ್ ಬಂದದ್ದು ಒಂದು ಮಂಗಳವಾರ ರಾತ್ರಿ, ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ. ಅಪ್ಪನ ದೊಡ್ಡಪ್ಪನ ಮಗಳು, ನನಗೆ ಅತ್ತೆ, ವಯಸ್ಸು ಎಪ್ಪತ್ತೊಂಬತ್ತು. ಬಲಗೈ ಬಲಗಾಲು ಸ್ವಾಧೀನ ತಪ್ಪಿ, ಹತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದರು. "ಅವಸರ ಏನಿಲ್ಲ ಮಾಮಾ. ಒಮ್ಮೆ ಬಂದು ನೋಡಿ ಹೋದ್ರ ಅಕಿಗೂ ಸಮಾಧಾನ" ಅಂದ ಅವರ ಮಗ. ಅಪ್ಪ "ಆತು" ಅಂದು ಫೋನ್ ಇಟ್ಟರು. ನಾನು ಲ್ಯಾಪ್‌ಟಾಪ್ ತೆಗೆದೆ.

ಬೆಂಗಳೂರಿನಿಂದ ಮುಂಬೈಗೆ ಐದು ಜನ: ಅಪ್ಪ, ಅಮ್ಮ, ನಾವಿಬ್ಬರು, ಒಂಬತ್ತು ವರ್ಷದ ಮಗಳು. ರೈಲೋ, ವಿಮಾನವೋ? ಇಂಥ ಪ್ರಶ್ನೆ ಬಂದಾಗ ನಮ್ಮ ಪೀಳಿಗೆಯವರು ಏನು ಮಾಡುತ್ತೇವೋ ನಾನೂ ಅದನ್ನೇ ಮಾಡಿದೆ. ಎಕ್ಸೆಲ್ ಶೀಟ್ ತೆರೆದು ಎರಡು ಕಾಲಂ ಎಳೆದೆ.

ವಿಮಾನ ಆಕಾಶದಲ್ಲಿ ಇರುವುದು ಎರಡು ಗಂಟೆಗೂ ಕಡಿಮೆ. ಆದರೆ ಬನಶಂಕರಿಯಿಂದ ದೇವನಹಳ್ಳಿ ಮುಟ್ಟಲು ಒಂದೂವರೆ ಗಂಟೆ, ಅಲ್ಲಿ ಎರಡು ಗಂಟೆ ಮುಂಚೆ ಇರಬೇಕು, ಇಳಿದ ಮೇಲೆ ಬ್ಯಾಗಿಗಾಗಿ ಕಾಯಬೇಕು, ಆಮೇಲೆ ಮುಂಬೈ ಟ್ರಾಫಿಕ್‌ನಲ್ಲಿ ಡೊಂಬಿವಲಿವರೆಗೆ ಇನ್ನೆರಡು ಗಂಟೆ. ಕೂಡಿಸಿದರೆ ಎಂಟು ಗಂಟೆ. ರೈಲಾದರೆ ಹೆಚ್ಚುಕಡಿಮೆ ಇಪ್ಪತ್ನಾಲ್ಕು. ಆದರೆ ಅದರಲ್ಲಿ ಒಂದು ರಾತ್ರಿ ನಿದ್ದೆಯ ಲೆಕ್ಕಕ್ಕೆ ಹೋಗುತ್ತದೆ. ವಿಮಾನದಲ್ಲಿ ಸಾಮಾನ್ಯವಾಗಿ ತಲೆಗೆ ಹದಿನೈದು ಕೆಜಿ ಲಗೇಜು, ಥರ್ಡ್ ಎಸಿಯಲ್ಲಿ ನಲವತ್ತು. ಅಮ್ಮನ ಖಾರಪುಡಿ, ಶೇಂಗಾ ಚಟ್ನಿಪುಡಿ, ಕಡಕ್ ರೊಟ್ಟಿಯ ಗಂಟು ನೆನಪಾಯಿತು. ಅದು ರೈಲಿಗೆ ಒಂದು ಪಾಯಿಂಟ್.

ರೈಲಿನ ಕಾಲಂನಲ್ಲೂ ಕೆಂಪು ಬಣ್ಣ ಇತ್ತು. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಬಂದಿಲ್ಲ. ಐದು ವರ್ಷ ದಾಟಿದ ಮಗುವಿಗೆ ಬರ್ತ್ ಬೇಕಂದರೆ ಪೂರಾ ಟಿಕೆಟ್. ಅರವತ್ತು ದಿನ ಮುಂಚೆ ಬುಕಿಂಗ್ ತೆರೆಯುವ ರೈಲಿಗೆ ಮುಂದಿನ ವಾರದ ಟಿಕೆಟ್ ಕೇಳಿದರೆ ವೇಟಿಂಗ್ ಲಿಸ್ಟೇ ಗತಿ. ಎರಡು ವಾರ ಬಿಟ್ಟು ಹುಬ್ಬಳ್ಳಿ, ಮಿರಜ್, ಪುಣೆ ಮಾರ್ಗದ ಗಾಡಿಯಲ್ಲಿ ಸೀಟು ಕಂಡವು.

ನಿಜ ಹೇಳಬೇಕೆಂದರೆ, ಶೀಟ್ ಮಾಡುವ ಮುಂಚೆಯೇ ನನ್ನ ತೀರ್ಮಾನ ಆಗಿತ್ತು. ರೈಲಿನ ಹಳೇ ಕಥೆಗಳೆಂದರೆ ನನಗೆ ಪ್ರಾಣ. ಅಪ್ಪನಿಗೂ ಅದೇ ದಾರಿಯಲ್ಲಿ ಇನ್ನೊಮ್ಮೆ ಹೋಗಬೇಕೆಂಬ ಆಸೆ ಇರುತ್ತದೆ ಎಂದು ನಾನೇ ಅಂದುಕೊಂಡಿದ್ದೆ. ಬೆಳಿಗ್ಗೆ ಚಹಾ ಹೊತ್ತಿಗೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. "ಅಪ್ಪಾ, ಮಿರಜ್ ಮ್ಯಾಲೆ ಹೋಗೋಣ. ನಿಮ್ಮ ಹಳೇ ರೂಟು."

ಅಪ್ಪ ಪರದೆ ನೋಡಲಿಲ್ಲ. "ಆ ಮಿರಜ್ ಪ್ಲಾಟ್‌ಫಾರ್ಮಿನ್ಯಾಗ ನಾ ಏಳು ತಾಸು ಕುಂತೇನಿ. ನೀ ಬೇಕಾದ್ರ ರೈಲಿಗೆ ಬಾ. ನಾ ವಿಮಾನಕ್ಕ ಹೋಗ್ತೇನಿ, ನಾಳೇನ."

ಅರವತ್ತೇಳು ವರ್ಷದ ಅಪ್ಪ ಆ ಏಳು ತಾಸಿನ ಕಥೆ ಹೇಳಿದ್ದು ಅವತ್ತೇ ಮೊದಲು.

1975. ಅಪ್ಪನಿಗೆ ಹದಿನೇಳು. ಅಜ್ಜನ ಅಣ್ಣ ಮುಂಬೈಯ ಪರೇಲ್‌ನಲ್ಲಿ ಗಿರಣಿ ಕೆಲಸಕ್ಕಿದ್ದರು. ಒಂದು ಮಧ್ಯಾಹ್ನ ಹುಬ್ಬಳ್ಳಿಯ ಮನೆಗೆ ತಂತಿ ಬಂತು: ಅಣ್ಣ ಸೀರಿಯಸ್, ಕೂಡಲೇ ಹೊರಡಿ. ತಂತಿ ಮುಂಬೈ ಬಿಟ್ಟು ಎರಡು ತಾಸೂ ಆಗಿರಲಿಲ್ಲವಂತೆ. ಅಜ್ಜ, ಅಪ್ಪ ಇಬ್ಬರೂ ಸಿಕ್ಕ ಗಾಡಿ ಹತ್ತಿದರು. ಮಿರಜ್ ಮುಟ್ಟಿದಾಗ ರಾತ್ರಿ. ಅವರು ಬಂದದ್ದು ಮೀಟರ್ ಗೇಜ್ ಗಾಡಿ, ಅಲ್ಲಿಂದಾಚೆ ಇದ್ದದ್ದು ಬ್ರಾಡ್ ಗೇಜ್ ಹಳಿ. ಎಲ್ಲರೂ ಇಳಿಯಬೇಕು, ಗಾಡಿ ಬದಲಿಸಬೇಕು. ಮುಂದಿನ ಗಾಡಿಗೆ ಏಳು ತಾಸು ಇತ್ತು. ಅಜ್ಜ ಒಂದು ಮಾತೂ ಆಡದೆ ಕುಳಿತಿದ್ದರಂತೆ. ಮರುದಿನ ಪರೇಲ್ ಮುಟ್ಟಿದಾಗ ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪನ ಮಗಳು "ಈಗ ಬಂದ್ರೇನು ಕಾಕಾ?" ಅಂದಳಂತೆ. ಮಣ್ಣು ಆಗಿ ಮೂರು ತಾಸಾಗಿತ್ತು.

ಆ ಮಗಳೇ ಈಗ ಡೊಂಬಿವಲಿಯಲ್ಲಿ ಮಲಗಿರುವ ಅತ್ತೆ.

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಆದರೆ ಪ್ರಶ್ನೆಯೊಂದು ತಲೆಯಲ್ಲಿ ಕೂತುಬಿಟ್ಟಿತು. ಒಂದೇ ದೇಶ, ಒಂದೇ ರೈಲ್ವೆ. ಮಿರಜ್‌ನಲ್ಲಿ ಯಾಕೆ ಇಳಿಯಬೇಕಿತ್ತು?

ಉತ್ತರಕ್ಕೆ ನೂರು ವರ್ಷ ಹಿಂದೆ ಹೋಗಬೇಕು. 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಠಾಣೆಗೆ ಓಡಿದ ರೈಲಿನ ಹಳಿಗಳ ನಡುವೆ ಐದೂವರೆ ಅಡಿ ಅಗಲವಿತ್ತು. ಅದು ಬ್ರಾಡ್ ಗೇಜ್. ಮುಂಬೈಯಿಂದ ಪುಣೆಗೆ ಹೋಗಲು ಬೋರ್ ಘಾಟ್ ಹತ್ತಬೇಕಿತ್ತು. 1856ರಿಂದ 1863ರವರೆಗೆ ಆ ಘಟ್ಟ ಕೊರೆದರು. ಸಾವಿರಾರು ಕೂಲಿಗಳು ಅಲ್ಲೇ ಸತ್ತರು. ಇಷ್ಟು ಖರ್ಚು ಮಾಡಿದ್ದು ಜನರ ಸುಖಪ್ರಯಾಣಕ್ಕೆ ಅಂದುಕೊಂಡರೆ ತಪ್ಪು. ದಖ್ಖನ್ನಿನ ಹತ್ತಿ ಬಂದರಿಗೆ ಬೇಗ ಇಳಿಯಬೇಕಿತ್ತು, ಸೈನ್ಯ ಬೇಗ ಹತ್ತಬೇಕಿತ್ತು.

ಐದೂವರೆ ಅಡಿಯ ಹಳಿ ದುಬಾರಿ ಎಂದು 1870ರಲ್ಲಿ ವೈಸ್‌ರಾಯ್ ಲಾರ್ಡ್ ಮೇಯೊ ಕಾಲದಲ್ಲಿ ಇನ್ನೊಂದು ಅಳತೆ ಬಂತು. ಅದು ಮೀಟರ್ ಗೇಜ್. ಕಿರಿದು, ಹಗುರ, ಅಗ್ಗ. ದೊಡ್ಡ ಆದಾಯ ಕಾಣದ ಕಡೆ ಇದು ಸಾಕು ಅನ್ನುವ ಲೆಕ್ಕ. ನಮ್ಮ ಭಾಗಕ್ಕೆ ಬಂದದ್ದು ಈ ‘ಸಾಕು’. 1876ರಿಂದ 78ರವರೆಗಿನ ಬರದಲ್ಲಿ ಧಾರವಾಡ, ಬಿಜಾಪುರ, ಬಳ್ಳಾರಿ, ಮೈಸೂರು ಸೀಮೆಗಳಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಬೇರೆಡೆ ಧಾನ್ಯವಿದ್ದರೂ ಎತ್ತಿನ ಗಾಡಿಯಲ್ಲಿ ಹೊತ್ತಿಗೆ ಬರುವುದು ಸಾಧ್ಯವಿರಲಿಲ್ಲ. ಆಮೇಲೆ ಕ್ಷಾಮ ಆಯೋಗ ಕೂತಿತು, ರೈಲು ಬೇಕು ಎಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿ, ಹುಬ್ಬಳ್ಳಿ ಸೀಮೆಗೆ ಮೀಟರ್ ಗೇಜ್ ಹಳಿ ಹಾಕಿತು. ಮೈಸೂರು ಸಂಸ್ಥಾನದ ಬೆಂಗಳೂರು-ಹರಿಹರ ಲೈನೂ ಅದೇ ಅಳತೆ.

ಹೀಗೆ ಒಂದೇ ದಾರಿಗೆ ಎರಡು ಅಳತೆಗಳು. ಮೊದಲು ಗಾಡಿ ಬದಲಿಸುವ ಜಾಗ ಪುಣೆ ಆಗಿತ್ತು. 1971ರ ಸುಮಾರಿಗೆ ಪುಣೆ-ಮಿರಜ್ ಬ್ರಾಡ್ ಗೇಜ್ ಆದ ಮೇಲೆ ಅದು ಮಿರಜ್‌ಗೆ ಸರಿಯಿತು. ಅಜ್ಜ ಕೂತ ಏಳು ತಾಸು ಯಾವ ಸ್ಟೇಷನ್ ಮಾಸ್ತರರ ತಪ್ಪೂ ಅಲ್ಲ. ಯಾವ ಊರಿಗೆ ಎಷ್ಟು ವೇಗ ಸಾಕು ಎಂದು ನೂರು ವರ್ಷದ ಹಿಂದೆ ಯಾರೋ ಹಾಕಿದ ಲೆಕ್ಕ ಅದು.

ಹಾಗಾದರೆ ಆಗ ವಿಮಾನ ಇರಲಿಲ್ಲವೇ? ಇತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೇಲೆ ಮುಂಬೈಯ ಜುಹುಗೆ ಪುಟ್ಟದೊಂದು ಪುಸ್ ಮಾತ್ ವಿಮಾನ ಹಾರಿಸಿಕೊಂಡು ಬಂದರು. ಅಲ್ಲಿಂದ ಮುಂದೆ ಮದ್ರಾಸಿಗೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಹೊತ್ತೊಯ್ದರು, ನಮ್ಮ ಬಳ್ಳಾರಿ ಮೇಲೆ. ವಿಮಾನದಲ್ಲಿ ಇದ್ದದ್ದು ಟಪಾಲು. ಬಳ್ಳಾರಿಯ ಜನ ವಿಮಾನ ನೋಡಿದ್ದು ನಿಜ, ಹತ್ತಿದ್ದಲ್ಲ. ವೇಗ ಮೊದಲು ಕಾಗದಕ್ಕೆ ಸಿಕ್ಕಿತು. ತಂತಿಯದೂ ಅದೇ ಕಥೆ. ‘ಕೂಡಲೇ ಹೊರಡಿ’ ಅನ್ನುವ ಮಾತು ಎರಡು ತಾಸಿನಲ್ಲಿ ಹುಬ್ಬಳ್ಳಿಗೆ ಬಂತು. ಹೊರಟ ಮನುಷ್ಯ ಮುಟ್ಟುವುದು ಮಾತ್ರ ಮರುದಿನ.

1951ರಲ್ಲಿ ಮಂಗಳೂರಿನ ಬಜ್ಪೆ ನಿಲ್ದಾಣ ಶುರುವಾದಾಗ ಮೊದಲು ಬಂದಿಳಿದದ್ದು ನೆಹರೂ. 1953ರಲ್ಲಿ ವಿಮಾನ ಕಂಪನಿಗಳು ರಾಷ್ಟ್ರೀಕರಣವಾದವು. ಆಮೇಲೆ ನಲವತ್ತು ವರ್ಷ ದೇಶದೊಳಗಿನ ವಿಮಾನವೆಂದರೆ ಬಹುಮಟ್ಟಿಗೆ ಒಂದೇ ಸರ್ಕಾರಿ ಸಂಸ್ಥೆ. ಮಂತ್ರಿಗಳು, ದೊಡ್ಡ ಅಧಿಕಾರಿಗಳು, ಕಂಪನಿ ಸಾಹೇಬರು ಓಡಾಡುತ್ತಿದ್ದರು. ಕಾನೂನು ಬದಲಾದದ್ದು 1994ರಲ್ಲಿ. ಆಗಲೂ ನಮ್ಮ ಮನೆಯಲ್ಲಿ ‘ರೈಲೋ ವಿಮಾನವೋ’ ಅನ್ನುವ ಮಾತೇ ಹುಟ್ಟಲಿಲ್ಲ. ಇದ್ದ ಮಾತು ಒಂದೇ: ಸೀಟು ಸಿಕ್ಕಿತೋ ಇಲ್ಲವೋ.

ರೈಲು ಅಷ್ಟರಲ್ಲಿ ಸುಮ್ಮನೆ ಕೂತಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಅಜ್ಜ, ಅಪ್ಪ ಹೋದ ಹಿಂದಿನ ವರ್ಷವಷ್ಟೇ ಮೂರನೇ ದರ್ಜೆ ರದ್ದಾಗಿ ಎರಡನೇ ದರ್ಜೆ ಅನ್ನಿಸಿಕೊಂಡಿತ್ತು. ಹೆಸರು ಬದಲಾದರೂ ಮರದ ಹಲಗೆ ಅದೇ. 1977ರಲ್ಲಿ ರೈಲ್ವೆ ಮಂತ್ರಿಯಾದ ಮಧು ದಂಡವತೆ ಎರಡನೇ ದರ್ಜೆಯ ಸ್ಲೀಪರ್ ಬರ್ತ್‌ಗಳಿಗೆ ಫೋಮ್ ಮೆತ್ತೆ ಹಾಕಿಸಿದರು. ಎರಡಂಗುಲದ ಆ ಮೆತ್ತೆ ಕೋಟ್ಯಂತರ ಬೆನ್ನುಗಳ ಪಾಲಿಗೆ ದೊಡ್ಡ ಸುಧಾರಣೆ. 1992ರಲ್ಲಿ ನಮ್ಮ ರಾಜ್ಯದವರೇ ಆದ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಮಂತ್ರಿಯಾಗಿದ್ದಾಗ ಇಡೀ ದೇಶಕ್ಕೆ ಒಂದೇ ಗೇಜ್ ಮಾಡುವ ಯೋಜನೆ ಶುರುವಾಯಿತು. ಆ ದಶಕದಲ್ಲಿ ಬೆಂಗಳೂರು-ಹುಬ್ಬಳ್ಳಿ-ಮಿರಜ್ ದಾರಿಯ ಮೀಟರ್ ಗೇಜ್ ಹಳಿ ಎದ್ದು ಬ್ರಾಡ್ ಗೇಜ್ ಬಂತು. ಮಿರಜ್‌ನಲ್ಲಿ ಇಳಿಯುವ ಕೆಲಸ ತಪ್ಪಿತು.

ಆಮೇಲೆ 2003ರ ಆಗಸ್ಟ್. ಗೊರೂರಿನಲ್ಲಿ ಬೆಳೆದ, ಸೈನ್ಯ ಬಿಟ್ಟು ರೇಷ್ಮೆ ಬೆಳೆದ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಮೊದಲ ಹಾರಾಟ ನಡೆಸಿತು. ಎಲ್ಲಿಂದ ಎಲ್ಲಿಗೆ ಗೊತ್ತೇ? ಬೆಂಗಳೂರಿನಿಂದ ಹುಬ್ಬಳ್ಳಿಗೆ. ‘ಸೂರರೈ ಪೋಟ್ರು’ ನೋಡಿದವರಿಗೆ ಕಥೆಯ ಎಳೆ ಗೊತ್ತಿರುತ್ತದೆ. ಊಟವಿಲ್ಲ, ನೀರಿಗೂ ದುಡ್ಡು, ಕೆಲವು ಸೀಟಿಗೆ ಒಂದು ರೂಪಾಯಿ. ಜನ ನಕ್ಕರು, ಬೈದರು, ಆದರೆ ಹತ್ತಿದರು. ಕಂಪನಿ ಹೆಚ್ಚು ಕಾಲ ಉಳಿಯಲಿಲ್ಲ. 2008ರಲ್ಲಿ ಕಿಂಗ್‌ಫಿಷರ್ ಜೊತೆ ವಿಲೀನವಾಯಿತು, ಆ ಕಿಂಗ್‌ಫಿಷರ್ ಕೂಡ 2012ರಲ್ಲಿ ಹಾರುವುದನ್ನು ನಿಲ್ಲಿಸಿತು. ಆದರೆ ಅಗ್ಗದ ಟಿಕೆಟ್ ಅನ್ನುವುದು ನಿಲ್ಲಲಿಲ್ಲ. ಇವತ್ತು ಎಕ್ಸೆಲ್ ಶೀಟಿನಲ್ಲಿ ಎರಡು ಕಾಲಂ ಇವೆಯಲ್ಲ, ಅದರಲ್ಲಿ ಎರಡನೆಯದು ನಮ್ಮಂಥ ಮನೆಗಳಿಗೆ ಬಂದು ಇಪ್ಪತ್ತು ವರ್ಷ ಆಗಿದೆ ಅಷ್ಟೇ.

ನಾನು ಆ ಕಾಲಂಗೆ ‘ಬೋರಿಂಗ್’ ಎಂದು ಟಿಪ್ಪಣಿ ಹಾಕಿದ್ದೆ. ರೈಲಿನ ಕಿಟಕಿ, ರೊಟ್ಟಿ ಗಂಟು, ನಿಧಾನದ ಸುಖ ಅಂತೆಲ್ಲ ಪಟ್ಟಿ ಮಾಡಿದ್ದೆ. ನಿಧಾನ ಸುಖ ಅನ್ನಿಸುವುದು ಬೇರೆ ದಾರಿ ಇದ್ದವರಿಗೆ. ಅಜ್ಜನಿಗೆ ಇರಲಿಲ್ಲ. ‘ಅವಸರ ಏನಿಲ್ಲ’ ಅನ್ನುವ ಮಾತನ್ನು ನಾನು ಹಾಗೇ ನಂಬಿದೆ. ಅಪ್ಪ ನಂಬಲಿಲ್ಲ.

ಮರುದಿನವಲ್ಲದಿದ್ದರೂ ಗುರುವಾರ ಬೆಳಿಗ್ಗೆಯ ವಿಮಾನಕ್ಕೆ ಐದು ಟಿಕೆಟ್ ಸಿಕ್ಕವು. ಕೊನೇ ಗಳಿಗೆಯ ದರ ನೋಡಿ ಹೆಂಡತಿ ಹುಬ್ಬೇರಿಸಿದಳು, ಏನೂ ಅನ್ನಲಿಲ್ಲ. ಅಮ್ಮ ರೊಟ್ಟಿ ಗಂಟನ್ನು ಎರಡು ಸಲ ತೂಗಿ, ಚಟ್ನಿಪುಡಿಯ ಒಂದು ಡಬ್ಬಿ ಮನೆಯಲ್ಲೇ ಬಿಟ್ಟಳು. ಅಪ್ಪನಿಗೆ ಕಿಟಕಿ ಸೀಟು ಕೊಟ್ಟೆವು. ಅರ್ಧ ದಾರಿಯಲ್ಲಿ "ಈಗ ಮಿರಜ್ ಬಂದಿರಬೇಕಲ್ಲ?" ಅಂದರು. ಕೆಳಗೆ ಬರೀ ಮೋಡ.

ಡೊಂಬಿವಲಿಯಲ್ಲಿ ಅತ್ತೆ ದಿಂಬಿಗೆ ಒರಗಿ ಕೂತಿದ್ದರು. ಮಾತು ತೊದಲುತ್ತಿತ್ತು. ಅಪ್ಪನನ್ನು ನೋಡಿದವರೇ ಎಡಗೈ ಎತ್ತಿ ಕರೆದು "ಲಗೂನ ಬಂದ್ಯಲ್ಲೋ" ಅಂದರು. ಅಪ್ಪ ಮಂಚದ ಪಕ್ಕ ಕೂತು ಆ ಕೈ ಹಿಡಿದುಕೊಂಡರು. ನಾವು ಉಳಿದವರು ಅಡುಗೆಮನೆಗೆ ಸರಿದೆವು.

ನಾಲ್ಕು ದಿನ ಇದ್ದೆವು. ಅತ್ತೆ ಗೋಡೆ ಹಿಡಿದು ಬಾಗಿಲವರೆಗೆ ನಡೆಯುವಷ್ಟಾದರು. ವಾಪಸ್ ಹೊರಡುವಾಗ ನಾನು ಕೇಳಲಿಲ್ಲ. ಅಪ್ಪನೇ ಹೇಳಿದರು, "ಈಗ ಅವಸರ ಇಲ್ಲ. ರೈಲು ನೋಡು." ಪುಣ್ಯಕ್ಕೆ ತತ್ಕಾಲ್‌ನಲ್ಲಿ ಐದೂ ಸಿಕ್ಕವು.

ರಾತ್ರಿ ಕರ್ಜತ್‌ನಲ್ಲಿ ಘಟ್ಟ ಹತ್ತಿಸಲು ಹಿಂದಿನಿಂದ ಎಂಜಿನ್ ಜೋಡಿಸುವಾಗ ಗಾಡಿ ಜಗ್ಗಿತು. ಮಗಳು ಎದ್ದು ಏನೆಂದು ಕೇಳಿದಳು, ಬೋರ್ ಘಾಟ್ ಕಥೆ ಹೇಳಿದೆ, ಅರ್ಧಕ್ಕೇ ನಿದ್ದೆ ಹೋದಳು. ಬೆಳಗಿನ ಜಾವ ಮಿರಜ್ ಬಂತು. ಇಳಿದೆ. ಚಹಾ ಮಾರುವವನೊಬ್ಬ, ಗಂಟುಮೂಟೆಯ ಮೇಲೆ ಮಲಗಿದ ಒಂದು ಸಂಸಾರ, ಟ್ಯೂಬ್‌ಲೈಟಿನ ಬೆಳಕು. ಯಾವ ಬೆಂಚಿನ ಮೇಲೆ ಕೂತಿದ್ದರೋ ಕೇಳಿಕೊಳ್ಳಬೇಕಿತ್ತು. ಒಳಗೆ ಬಂದು ನೋಡಿದರೆ ಅಪ್ಪ ಕೆಳಗಿನ ಬರ್ತ್‌ನಲ್ಲಿ ಗೊರಕೆ ಹೊಡೆಯುತ್ತಿದ್ದರು.

ಎಬ್ಬಿಸಲಿಲ್ಲ. ಗಾಡಿ ಬದಲಿಸುವ ಕೆಲಸ ಇರಲಿಲ್ಲವಲ್ಲ.